ಕೈಕೊಡುವ ಮೊಣಕಾಲು

ಮೊಣಕಾಲಿನ ವಿಷಯದಲ್ಲಿ ನಮ್ಮ ಜನರು ಎರಡೇ ಎರಡು ವ್ಯಾಧಿಗಳನ್ನು ಒಪ್ಪುತ್ತಾರೆ. ಒಂದು, ಮುಪ್ಪಿನೊಡನೆ ಕರೆಯದ ಅತಿಥಿಯಂತೆ ಬಂದು ಬೀಡುಬಿಡುವ ಕೀಲುನೋವು. ಇನ್ನೊಂದು, ಎಡವಿದಾಗ ಬಿದ್ದಾಗ ಆಗುವ ಉಳುಕು. ಮೊದಲನೆಯದಕ್ಕೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು, ಎರಡನೆಯದಕ್ಕೆ ಪಟ್ಟು ಕಟ್ಟಿ ನಾಲ್ಕು ದಿನ ಮಲಗಿಸುವುದು. ಚಿಕಿತ್ಸೆ ಅಲ್ಲಿಗೆ ಮುಗಿಯಿತು. ಈ ಎರಡಕ್ಕೂ ಸೇರದ, ಹೆಚ್ಚು ನೋವೂ ಇಲ್ಲದೆ ಮನುಷ್ಯನನ್ನು ಕೆಡಹಿಬಿಡುವ ಮೂರನೆಯದೊಂದು ಉಂಟೆಂದರೆ ನಂಬುವವರು ವಿರಳ. ನೇರವಾಗಿ ನಡೆಯುವಾಗ ಏನೂ ಇಲ್ಲ. ಸೈಕಲ್ಲು ತುಳಿಯುವಾಗಲೂ ಏನೂ ಇಲ್ಲ. ಹಿಂದಿನಿಂದ ಯಾರೋ ಹೆಸರು ಹಿಡಿದು ಕೂಗಿದರೆಂದು ತಟ್ಟನೆ ತಿರುಗಿದಿರೋ, ಮೊಣಕಾಲು ಕೈಕೊಟ್ಟಿತು! ಕಾಲಿಗೆ ಕೈ ಎಲ್ಲಿಂದ ಬಂತೆಂದು ವ್ಯಾಕರಣಜ್ಞರು ಕೇಳಬಹುದು. ಆ ಗಳಿಗೆಯ ಅನುಭವವನ್ನು ಬಣ್ಣಿಸಲು ಇದಕ್ಕಿಂತ ಸರಿಯಾದ ಮಾತು ನನಗೆ ದೊರೆತಿಲ್ಲ. ವೈದ್ಯರು ಇದನ್ನು ತಿರುವಿನ ಅಸ್ಥಿರತೆ ಎನ್ನುತ್ತಾರೆ.

ಸಿಂಧನೂರಿನಲ್ಲಿ ಹಳಗನ್ನಡ ನಡುಗನ್ನಡಗಳ ಪಾಠ ಹೇಳಿಕೊಂಡಿರುವ ನನಗೆ ಎಲುಬು ಕೀಲುಗಳ ಗೊಡವೆ ಏಕೆ ಎಂದು ವಾಚಕರು ಕೇಳಿದರೆ ಅದು ನ್ಯಾಯವೇ. ಕಾರಣ ಎರಡು. ನಮ್ಮ ಕಾಲೇಜಿನ ಬಿ.ಎ. ತರಗತಿಯ ಒಬ್ಬ ಹುಡುಗನೊಡನೆ ನಾನು ಸುಮಾರು ಒಂದೂವರೆ ವರುಷ ಈ ವ್ಯಾಧಿಯ ಬೆನ್ನು ಹತ್ತಿ ಅಲೆದೆ. ಇದು ಒಂದು ಕಾರಣ. ಆ ಅಲೆದಾಟದಲ್ಲಿ ಅರ್ಧ ತೊಂದರೆ ಕಾಲಿನಿಂದ ಬಂದರೆ ಉಳಿದರ್ಧ ಒಂದು ಶಬ್ದದಿಂದ ಬಂತು, ಶಬ್ದದ ಮಾತು ಬಂದ ಮೇಲೆ ಕನ್ನಡದ ಅಧ್ಯಾಪಕನು ಸುಮ್ಮನಿರಲಾಗದು, ಇದು ಇನ್ನೊಂದು.

ಹುಡುಗನ ಊರು ಮಸ್ಕಿಗೂ ಲಿಂಗಸುಗೂರಿಗೂ ನಡುವೆ, ಹೆದ್ದಾರಿಯಿಂದ ಒಳಗಿರುವ ಒಂದು ಹಳ್ಳಿ. ಎರೆಭೂಮಿ, ಜೋಳ ತೊಗರಿಗಳ ಬೇಸಾಯ, ಒಂದು ಜೊತೆ ಎತ್ತು. ತಾಯಿ ನಾಟಿಯ ಕಾಲಕ್ಕೆ ಸಿಂಧನೂರಿನ ನಾಲೆಯ ಕೆಳಗಿನ ಗದ್ದೆಗಳಿಗೆ ಕೂಲಿಗೆ ಬರುವಾಕೆ. ಹುಡುಗ ಕಬಡ್ಡಿಯಲ್ಲಿ ಎತ್ತಿದ ಕೈ. ಎದುರಾಳಿಯ ಕೋಟೆಗೆ ನುಗ್ಗಿ, ಒಬ್ಬನನ್ನು ಮುಟ್ಟಿ, ಬೆಂಕಿ ಮುಟ್ಟಿದವನಂತೆ ಗರಕ್ಕನೆ ತಿರುಗಿ ನಡುಗೆರೆಗೆ ಹಾರುವುದನ್ನು ನೋಡಬೇಕು! ಅವನ ಕಣ್ಣಿದ್ದುದು ಮಾತ್ರ ಪೊಲೀಸ್ ಕಾನ್‌ಸ್ಟೇಬಲ್ ಕೆಲಸದ ಮೇಲೆ. ಅದಕ್ಕೆ ಓಟ ಜಿಗಿತಗಳ ಪರೀಕ್ಷೆಯಲ್ಲಿ ಗೆಲ್ಲಬೇಕು. ಕಬಡ್ಡಿಯ ಕಾಲು ಅಲ್ಲಿಗೂ ಒಯ್ಯುವುದೆಂದು ಮನೆಯವರ ನಂಬಿಕೆ.

ಒಂದು ಜಾತ್ರೆಯ ಪಂದ್ಯದಲ್ಲಿ ಅವನು ಹಾಗೆಯೇ ತಿರುಗಿದನು. ಮೈ ತಿರುಗಿತು, ತೊಡೆ ತಿರುಗಿತು. ಪಾದ ಮಾತ್ರ ನೆಲಕ್ಕೆ ಕಚ್ಚಿಕೊಂಡೇ ಉಳಿಯಿತು. ಯಾರೂ ಅವನನ್ನು ಹಿಡಿದಿರಲಿಲ್ಲ, ಯಾರೂ ತಳ್ಳಿರಲಿಲ್ಲ. ಒಳಗೆ ‘ಟಪ್’ ಎಂದು ಕಡ್ಡಿ ಮುರಿದಂತೆ ಸದ್ದಾಯಿತೆಂದು ಅವನೇ ಹೇಳಿದ. ರಾತ್ರಿಯೊಳಗೆ ಮೊಣಕಾಲು ಕುಂಬಳಕಾಯಿಯಾಯಿತು. ಊರಿನ ಎಲುಬು ಕೂಡಿಸುವ ಹಿರಿಯರು ಸೊಪ್ಪಿನ ಪಟ್ಟು ಕಟ್ಟಿದರು. ಬಾವು ಇಳಿಯದಿರಲು ಪಟ್ಟಣದ ಒಂದು ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದರು. “ಎಲುಬು ಮುರಿದಿಲ್ಲ, ಉಳುಕು ಅಷ್ಟೇ” ಎಂದು ಗುಳಿಗೆ ಕೊಟ್ಟು ಕಳಿಸಿದರು. ಮೂರು ವಾರಕ್ಕೆ ಬಾವು ಇಳಿಯಿತು, ನೋವು ಹೋಯಿತು. ಹುಡುಗ ಕುಂಟದೆ ತರಗತಿಗೆ ಬಂದ. ಮನೆಯಲ್ಲಿ ದೇವರಿಗೆ ಕಾಯಿ ಒಡೆಸಿದರು.

ನಿಜವಾದ ಕಷ್ಟ ಆರಂಭವಾದುದು ಆಮೇಲೆ. ಹೊಲದ ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತು ತಿರುಗಿದಾಗ ಬಿದ್ದ. ಬಸ್ಸಿನಿಂದ ಇಳಿದು ಪಕ್ಕಕ್ಕೆ ಹೊರಳಿದಾಗ ಬಿದ್ದ. ಒಮ್ಮೆ ಕಾಲೇಜಿನ ವರಾಂಡದಲ್ಲಿ ನನ್ನೆದುರಿಗೇ ಕುಸಿದ. “ನೋವೇನಿಲ್ರಿ ಸರ. ತಿರುಗಿದ್ರ ಒಳಗ ಎಲುಬು ಜಾರಿದಂಗ ಆಗ್ತದ ನೋಡ್ರಿ” ಎಂದ. ಆ ಮಾತನ್ನು ಕೇಳಿ ನಾನು ಅವನನ್ನು ರಾಯಚೂರಿನ ಒಬ್ಬ ಎಲುಬು ಕೀಲು ತಜ್ಞರ ಬಳಿಗೆ ಕರೆದುಕೊಂಡು ಹೋದೆ. ಆ ವೈದ್ಯರು ಹುಡುಗನ ಮಾತನ್ನು ಎರಡು ಸಲ ಹೇಳಿಸಿಕೊಂಡು, “ರೋಗಿಯೇ ರೋಗದ ಹೆಸರು ಹೇಳಿಬಿಟ್ಟ. ಜಾರುವುದು ನಿಜವಾಗಿಯೂ ಎಲುಬೇ” ಎಂದರು.

ಈಗ ಮೊಣಕಾಲಿನ ರಚನೆಯನ್ನು ತುಸು ತಿಳಿಯಬೇಕು. ಬಾಗಿಲಿನ ತಿರುಗಣಿಯಂತೆ ಇದು ಮಡಚುವುದು ಚಾಚುವುದು ಎರಡನ್ನೇ ಬಲ್ಲದೆಂದು ನಾವು ಭಾವಿಸುತ್ತೇವೆ. ಓದುತ್ತಿರುವವರು ಕುರ್ಚಿಯ ಮೇಲೆ ಕುಳಿತು, ಮೊಣಕಾಲು ಮಡಚಿ, ತೊಡೆಯನ್ನು ಅಲುಗಿಸದೆ ಪಾದವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿರಿ. ಕಣಕಾಲು ತನ್ನ ಕಂಬದ ಸುತ್ತ ತಾನೇ ತಿರುಗುತ್ತದೆ. ಕಾಲನ್ನು ನೆಟ್ಟಗೆ ಚಾಚಿದಿರಾದರೆ ಈ ತಿರುವು ನಿಂತುಹೋಗುತ್ತದೆ. ಕೊನೆಯ ಹಂತದಲ್ಲಿ ಕಣಕಾಲಿನ ಎಲುಬು ತುಸು ಹೊರಕ್ಕೆ ತಿರುಗಿ, ತಿರುಪುಮೊಳೆ ಬಿಗಿದಂತೆ ಬೀಗ ಬೀಳುತ್ತದೆ. ಮಡಚಿದಾಗ ತಿರುಗಬೇಕು, ಚಾಚಿದಾಗ ನಿಲ್ಲಬೇಕು. ತಿರುಗಿದರೂ ಮಿತಿ ಮೀರಬಾರದು. ಇಷ್ಟು ನಾಜೂಕಿನ ಕೆಲಸ ನಡೆಯುವ ಸ್ಥಳದಲ್ಲಿ ಎಲುಬುಗಳೋ, ಒಂದು ಹೊರಳುಗಲ್ಲನ್ನು ಹಲಗೆಯ ಮೇಲಿಟ್ಟಂತೆ! ತೊಡೆಯೆಲುಬಿನ ತುದಿ ದುಂಡು. ಕೆಳಗಿನ ಎಲುಬಿನ ತಲೆ ಬಹುಮಟ್ಟಿಗೆ ಚಪ್ಪಟೆ. ಅವು ಜಾರಿಹೋಗದಂತೆ ಕಾಯುವ ಭಾರವೆಲ್ಲ ನಾರಿನ ಕಟ್ಟುಗಳ ಮೇಲೆ.

ಈ ಕಟ್ಟುಗಳಲ್ಲಿ ಎರಡು ಕೀಲಿನ ಗರ್ಭದಲ್ಲಿಯೇ ಕತ್ತರಿಯಂತೆ ಒಂದನ್ನೊಂದು ಹಾಯ್ದಿವೆ. ಮುಂದಿನದನ್ನು ವೈದ್ಯರು ಎ.ಸಿ.ಎಲ್. ಎಂದು ಕರೆಯುತ್ತಾರೆ. ಉದ್ದ ಸುಮಾರು 3 ಸೆಂಟಿಮೀಟರು, ಅಗಲ ಸುಮಾರು 1 ಸೆಂಟಿಮೀಟರು; ನಮ್ಮ ಕಿರುಬೆರಳಿನ ತುಂಡಿನಷ್ಟು. ಕೆಳಗಿನ ಎಲುಬು ಮುಂದಕ್ಕೆ ಜಾರದಂತೆಯೂ ಒಳಮುಖವಾಗಿ ಅತಿಯಾಗಿ ತಿರುಗದಂತೆಯೂ ತಡೆಯುವುದು ಇದರ ಕಾಯಕ. ಹಿಂದಿನದು ಇನ್ನೂ ದಪ್ಪ. ಎಲುಬು ಹಿಂದಕ್ಕೆ ಸರಿಯದಂತೆ ಅದು ಕಾಯುತ್ತದೆ. ಕೀಲಿನ ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು ಕಟ್ಟು. ಹೊರಗಿನ ಹಿಂಬದಿಯ ಮೂಲೆಯಲ್ಲಿ ಕೆಲವು ಕಟ್ಟುಗಳ ಗುಂಪೊಂದಿದ್ದು, ಕಣಕಾಲು ಹೊರಮುಖವಾಗಿ ಅತಿ ತಿರುಗುವುದನ್ನು ತಡೆಯುತ್ತದೆ. ಎಲುಬುಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳು. ಮೆನಿಸ್ಕಸ್ ಎಂದು ಅವುಗಳ ಹೆಸರು. ಅವೂ ಗಾಲಿಗೆ ಒಡ್ಡಿದ ಕಲ್ಲಿನಂತೆ ಜಾರಿಕೆಯನ್ನು ತಡೆಯಲು ನೆರವಾಗುತ್ತವೆ.

ಕೀಲಿನ ನಟ್ಟನಡುವೆ ಇರುವ ಒಂದು ಕಟ್ಟು ತಿರುವನ್ನು ಎಷ್ಟು ಮಾತ್ರ ತಡೆದೀತು? ನಮ್ಮ ಅಜ್ಜಿಯಂದಿರ ಬೀಸುಕಲ್ಲನ್ನು ನೆನೆಯಿರಿ. ಕಲ್ಲು ತಿರುಗುವುದು ನಡುವಿನ ಗೂಟದ ಸುತ್ತ. ಆದರೆ ಹಿಡಿಗೂಟವನ್ನು ನೆಟ್ಟಿರುವುದು ಅಂಚಿನಲ್ಲಿ. ಅಂಚಿನಲ್ಲಿ ಒಂದು ಕೈಯಿಂದ ನಿಲ್ಲಿಸಬಹುದಾದ ಕಲ್ಲನ್ನು ನಡುಗೂಟದ ಬಳಿ ಹಿಡಿದು ನಿಲ್ಲಿಸಲು ಎರಡು ಕೈಯೂ ಸಾಲವು. ಮೊಣಕಾಲಿಗೂ ಇದೇ ನ್ಯಾಯ. ನಡುವಿನ ಎ.ಸಿ.ಎಲ್. ಮುಖ್ಯವೇ ಹೌದು, ಆದರೆ ಹೊರ ಅಂಚಿನಲ್ಲಿರುವ ಕಟ್ಟುಗಳಿಗೆ ಹಿಡಿಗೂಟದ ಅನುಕೂಲವಿದೆ.

ಈ ಅಂಚಿನ ಕಟ್ಟಿನ ಕತೆ ಸ್ವಾರಸ್ಯವಾದುದು. ರಾಂಟ್‌ಜನ್ 1895ರಲ್ಲಿ ಎಕ್ಸ್ ಕಿರಣಗಳನ್ನು ಕಂಡುಹಿಡಿಯುವುದಕ್ಕೂ 16 ವರುಷ ಮೊದಲೇ, 1879ರಲ್ಲಿ, ಪ್ಯಾರಿಸ್ಸಿನ ಶಸ್ತ್ರವೈದ್ಯ ಪಾಲ್ ಸೆಗಾನ್ ಎಂಬುವನು ಶವಗಳ ಮೊಣಕಾಲನ್ನು ಬಲವಂತವಾಗಿ ಒಳಕ್ಕೆ ತಿರುಗಿಸಿ ನೋಡಿ, ಹೊರಮಗ್ಗುಲಿನ ಮುಂಭಾಗದಲ್ಲಿ ಮುತ್ತಿನ ಬಣ್ಣದ ಗಟ್ಟಿ ನಾರಿನ ಪಟ್ಟಿಯೊಂದು ಸೆಟೆದು ನಿಲ್ಲುವುದನ್ನು ವರ್ಣಿಸಿದ್ದನು. ಆ ಪಟ್ಟಿ ಕೆಲವೊಮ್ಮೆ ಹರಿಯುವುದಕ್ಕೆ ಬದಲಾಗಿ ಎಲುಬಿನ ಒಂದು ಚಿಕ್ಕ ಚಕ್ಕೆಯನ್ನೇ ಕಿತ್ತುಕೊಂಡು ಬರುವುದು. ಎಕ್ಸ್‌ರೇಯಲ್ಲಿ ಅಕ್ಕಿಯ ಕಾಳಿನಂಥ ಆ ಚಕ್ಕೆ ಕಂಡರೆ, ಒಳಗಿನ ಎ.ಸಿ.ಎಲ್. ಹರಿದಿರಬೇಕೆಂದು ಈಗಿನ ವೈದ್ಯರು ಊಹಿಸುತ್ತಾರೆ. 2013ರಲ್ಲಿ ಬೆಲ್ಜಿಯಂ ದೇಶದ ಕ್ಲಾಸ್, ಬೆಲ್ಲೆಮನ್ಸ್ ಮೊದಲಾದವರು 41 ಮೊಣಕಾಲುಗಳನ್ನು ಛೇದಿಸಿ, 40ರಲ್ಲಿ ಈ ಕಟ್ಟನ್ನು ಗುರುತಿಸಿ ಅದರ ಅಳತೆಗಳನ್ನು ಪ್ರಕಟಿಸಿದಾಗ, ಮನುಷ್ಯನ ದೇಹದಲ್ಲಿ ಹೊಸ ಅಂಗವೊಂದು ಸಿಕ್ಕಿತೆಂದು ಪತ್ರಿಕೆಗಳಲ್ಲಿ ಕೋಲಾಹಲವಾಯಿತು. ಅಂಗ ಹಳೆಯದು, ಅದನ್ನು ನೋಡುವ ಕಣ್ಣು ಹೊಸದು.

ರಾಯಚೂರಿನ ವೈದ್ಯರು ಮಾಡಿದ ಪರೀಕ್ಷೆಗೆ ಯಂತ್ರವೇ ಬೇಕಾಗಲಿಲ್ಲ. ಹುಡುಗನನ್ನು ಮಲಗಿಸಿ, ಮಾತನಾಡಿಸುತ್ತ ಅವನ ಬಿಗಿ ಸಡಿಲಿಸಿ, ಮೊದಲು ಮೊಣಕಾಲನ್ನು ತುಸುವೇ ಮಡಚಿ ಕಣಕಾಲನ್ನು ಮುಂದಕ್ಕೆ ಎಳೆದರು. ಸರಿಯಾದ ಕಾಲಿಗಿಂತ ಅದು ಹೆಚ್ಚು ಮುಂದೆ ಬಂತು. ಆಮೇಲೆ ಕಾಲನ್ನು ನೆಟ್ಟಗೆ ಎತ್ತಿ ಹಿಡಿದು, ಪಾದವನ್ನು ಒಳಕ್ಕೆ ತಿರುಗಿಸಿ, ಹೊರಮಗ್ಗುಲಿನಿಂದ ಒತ್ತುತ್ತ ಮೆಲ್ಲನೆ ಮಡಚಿದರು. ಸುಮಾರು 30 ಅಂಶದ ಬಾಗಿಗೆ ಬಂದಾಗ ‘ಧಡಕ್’ ಎಂದು ಏನೋ ಸ್ಥಾನಕ್ಕೆ ಬಿದ್ದುದು ನಮ್ಮ ಕಣ್ಣಿಗೂ ಕಂಡಿತು. ಕಟ್ಟಿಲ್ಲದ ಎಲುಬಿನ ಹೊರಮಗ್ಗುಲು ಮೊದಲೇ ಮುಂದಕ್ಕೆ ಜಾರಿರುತ್ತದೆ. ತೊಡೆಯ ಹೊರಬದಿಯ ಅಗಲವಾದ ಪಟ್ಟಿಯು ಬಾಗಿನ ಒಂದು ಹಂತದಲ್ಲಿ ಅದನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಧಡಕ್ಕೆಂದುದು ಅದೇ. ಹುಡುಗ ಹೌಹಾರಿ, “ಇದೇ ನೋಡ್ರಿ ಸರ, ಹಿಂಗೇ ಆಗ್ತದ!” ಎಂದು ಕೂಗಿದ. ಆಟದ ಅಂಗಳದ ಸಂಕಟವನ್ನು ವೈದ್ಯರು ಮಂಚದ ಮೇಲೆ ತೋರಿಸಿಕೊಟ್ಟಿದ್ದರು. ಎಂ.ಆರ್.ಐ. ಚಿತ್ರ ಬಂದು ಅದನ್ನೇ ದೃಢಪಡಿಸಿತು. ಜೊತೆಗೆ ಇನ್ನೊಂದು ಸುದ್ದಿಯನ್ನೂ ತಂದಿತು: ಈ ನಾಲ್ಕು ತಿಂಗಳ ಜಾರಾಟದಲ್ಲಿ ಒಳಗಿನ ಮೆತ್ತೆಯೂ ಸೀಳಿತ್ತು. ಕೈಕೊಡುವ ಮೊಣಕಾಲು ಬೀಳಿಸುವುದಷ್ಟೇ ಅಲ್ಲ, ಪ್ರತಿ ಸಲವೂ ತನ್ನ ಮನೆಯನ್ನು ತಾನೇ ಕೆಡವಿಕೊಳ್ಳುತ್ತದೆ. ಮೆತ್ತೆ ಹೋದ ಕೀಲಿಗೆ ಮುಪ್ಪಿನ ಸವೆತ ನಡುಹರೆಯದಲ್ಲಿಯೇ ಬಂದೀತು.

ವೈದ್ಯರು ಇಷ್ಟನ್ನೂ ತಂದೆಗೆ ವಿವರಿಸುತ್ತ, ಅವರಿಗೆ ತಿಳಿಯಲೆಂದು, “ಒಳಗಿನ ನರ ಹರಿದಿದೆ” ಎಂದುಬಿಟ್ಟರು. ಅಲ್ಲಿಂದ ಶುರುವಾಯಿತು ಶಬ್ದದ ಪಾಡು. ನಮ್ಮ ಆಡುಮಾತಿನಲ್ಲಿ ರಕ್ತ ಹರಿಯುವುದೂ ನರ, ಅರಿವು ಒಯ್ಯುವುದೂ ನರ, ಎಲುಬು ಕಟ್ಟುವುದೂ ನರ. ತಂದೆ ತುಸು ಯೋಚಿಸಿ, “ನರ ಹರಿದ್ರ ಕಾಲು ಸೆಳೀಬೇಕು, ಇಲ್ಲಾ ಜೋಮು ಹಿಡೀಬೇಕು. ಇವನ ಕಾಲು ಆಡ್ತದ, ಬೆರಳು ಆಡ್ತದ. ಅಂದ ಮ್ಯಾಲ ನರ ಹ್ಯಾಂಗ ಹರೀತದ್ರಿ ಸರ?” ಎಂದರು. ತರ್ಕಶಾಸ್ತ್ರದ ಪಂಡಿತರೂ ತಲೆದೂಗಬೇಕಾದ ವಾದ! ಅದಕ್ಕೆ ಮೇಲಾಗಿ ಎಕ್ಸ್‌ರೇಯಲ್ಲಿ ಎಲುಬು ನೆಟ್ಟಗಿದೆ. ಎರಡು ಸಾಕ್ಷಿಗಳು ಒಂದು ಕಡೆ, ರಾಯಚೂರಿನ ವೈದ್ಯರೊಬ್ಬರೇ ಇನ್ನೊಂದು ಕಡೆ. ಆಪರೇಶನ್ ಎಂದರೆ ಎತ್ತಿನ ಜೋಡಿ ಮಾರಬೇಕಾದ ಮಾತು. ಇಲ್ಲದ ರೋಗಕ್ಕೆ ಇರುವ ಎತ್ತು ಮಾರಲು ಯಾವ ರೈತನು ಒಪ್ಪಿಯಾನು?

ಗ್ರಂಥಭಾಷೆಯಲ್ಲಿ ಇದಕ್ಕೆ ಒಳ್ಳೆಯ ಶಬ್ದವುಂಟು: ಅಸ್ಥಿರಜ್ಜು. ಅಸ್ಥಿ ಎಂದರೆ ಎಲುಬು, ರಜ್ಜು ಎಂದರೆ ಹಗ್ಗ. ನಾನು ಅದನ್ನು ಕಾಗದದ ಮೇಲೆ ಬರೆದು ಹುಡುಗನ ಕೈಗಿತ್ತೆ. ಅವನು ‘ಅಸ್ಥಿರ–ಜ್ಜು’ ಎಂದು ಓದಿದ! ಸ್ಥಿರತೆ ಕೊಡುವ ವಸ್ತುವಿನ ಹೆಸರಿನೊಳಗೇ ಅಸ್ಥಿರತೆ ಅಡಗಿ ಕುಳಿತಿರುವುದನ್ನು ಅಷ್ಟು ವರುಷ ಪಾಠ ಹೇಳಿದ ನಾನೂ ಗಮನಿಸಿರಲಿಲ್ಲ. ನಕ್ಕೆವು, ಆದರೆ ಆ ಶಬ್ದದಿಂದ ಕೆಲಸವಾಗಲಿಲ್ಲ. ಕೆಲಸ ಮಾಡಿದ್ದು ‘ಹಗ್ಗ’ ಎಂಬ ಎರಡೂವರೆ ಅಕ್ಷರದ ಮಾತು. ಅದನ್ನು ಆಡಿದವರು ಹುಡುಗನ ಸೋದರಮಾವ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯನ್ನು ಕೇಳದವರಾರು? ಸೋದರಮಾವ ಅಲ್ಲಿ ದುಡಿಯುವವರು. ತಂದೆಯ ಮನೆಯ ಕಟ್ಟೆಯ ಮೇಲೆ ಕುಳಿತು ನನ್ನ ವಿವರಣೆಯನ್ನೆಲ್ಲ ಕೇಳಿದರು. ಹರಿದುದನ್ನು ಹೊಲೆಯಬಾರದೇಕೆ ಎಂದು ತಂದೆ ಕೇಳಿದಾಗ, ಉತ್ತರ ಕೊಟ್ಟವನು ನಾನಲ್ಲ. “ಮಾವಾ, ನಮ್ಮ ಗಣಿಯಾಗ ಮಂದಿನ್ನ ಇಳಿಸೋ ಹಗ್ಗ ಕೆಟ್ರ ಅದಕ್ಕ ಯಾರೂ ಗಂಟು ಹಾಕಂಗಿಲ್ಲ. ಬದಲಿ ಮಾಡ್ತಾರ. ಇದೂ ಹಂಗೇ. ಫೋಟೋದಾಗ ಎಲುಬು ಕಾಣ್ತದ, ಹಗ್ಗ ಎಲ್ಲಿ ಕಾಣ್ತದ?” ಎಂದರು. ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಖರ್ಚಿನ ಹೆಚ್ಚು ಭಾಗವನ್ನು ಆ ಸೋದರಮಾವನೇ ಹೊತ್ತರು. ಎತ್ತುಗಳು ಕೊಟ್ಟಿಗೆಯಲ್ಲಿಯೇ ಉಳಿದವು.

ಅವರಾಡಿದ ಮಾತಿನ ಹಿಂದೆ ವೈದ್ಯಶಾಸ್ತ್ರದ ನೂರು ವರುಷಕ್ಕೂ ಮಿಕ್ಕಿದ ಇತಿಹಾಸವಿದೆ. ವಿಚಿತ್ರವೆಂದರೆ ಅದೂ ಗಣಿಯಿಂದಲೇ ಮೊದಲಾಗುತ್ತದೆ. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮೇಯೋ ರಾಬ್ಸನ್ ಎಂಬ ಶಸ್ತ್ರವೈದ್ಯನು 41 ವರುಷದ ಗಣಿ ಕಾರ್ಮಿಕನೊಬ್ಬನ ಹರಿದ ಕತ್ತರಿಕಟ್ಟುಗಳನ್ನು ಹೊಲಿದನು. ಆ ಕಾರ್ಮಿಕನು ಮರಳಿ ದುಡಿಯುವಂತಾದನು. ಆದರೆ ಎಲ್ಲರಿಗೂ ಆ ಭಾಗ್ಯ ದಕ್ಕಲಿಲ್ಲ. ಒಳಮಗ್ಗುಲಿನ ಕಟ್ಟು ಕೀಲಿನ ಹೊರಗಿರುವುದರಿಂದ ಬಹುಮಟ್ಟಿಗೆ ತಾನೇ ಕೂಡಿಕೊಳ್ಳುತ್ತದೆ, ಎ.ಸಿ.ಎಲ್. ಇರುವುದೋ ಕೀಲಿನ ರಸದ ನಡುವೆ. ಅಲ್ಲಿ ಹೆಪ್ಪುಗಟ್ಟಿ ಬೆಸೆಯಬೇಕಾದ ರಕ್ತವು ತೊಳೆದುಹೋಗುತ್ತದೆ, ತುದಿಗಳು ಸಾಮಾನ್ಯವಾಗಿ ಕೂಡುವುದಿಲ್ಲ. ಆದುದರಿಂದ 1917ರಲ್ಲಿ ಬ್ರಿಸ್ಟಲ್ಲಿನ ಹೇ ಗ್ರೋವ್ಸ್ ತೊಡೆಯ ಹೊರಪಟ್ಟಿಯ ಒಂದು ಸೀಳನ್ನು ಎಲುಬುಗಳಲ್ಲಿ ಕೊರೆದ ಸುರಂಗಗಳ ಮೂಲಕ ಹಾಯಿಸಿ ಹೊಸ ಹಗ್ಗವನ್ನೇ ಹೂಡಿದನು. ಈಗ ನಡೆಯುವುದೂ ಮೂಲತಃ ಅದೇ. ತೊಡೆಯ ಹಿಂಬದಿಯ ಸ್ನಾಯುವಿನ ಹುರಿಯನ್ನೋ, ಮಂಡಿಚಿಪ್ಪಿನ ಕೆಳಗಿನ ಪಟ್ಟಿಯ ನಡುಭಾಗವನ್ನೋ ರೋಗಿಯ ಮೈಯಿಂದಲೇ ತೆಗೆದು, ಪೆನ್ಸಿಲಿನಂಥ ದುರ್ಬೀನಿನ ನೆರವಿನಿಂದ ಸಣ್ಣ ರಂಧ್ರಗಳಲ್ಲಿಯೇ ಕೂಡಿಸುತ್ತಾರೆ.

ನಡುಗೂಟ ಸರಿಯಾಯಿತು, ಅಂಚಿನ ಹಿಡಿಗೂಟದ ಗತಿಯೇನು? ಹೊಸ ಎ.ಸಿ.ಎಲ್. ಹೂಡಿದ ಮೇಲೂ ಕೆಲವರಿಗೆ ತಿರುವಿನಲ್ಲಿ ಸಡಿಲು ಉಳಿಯುತ್ತಿತ್ತು. ಫ್ರಾನ್ಸಿನ ಲೆಮೇರ್ 1967ರಲ್ಲಿಯೇ ತೊಡೆಯ ಹೊರಪಟ್ಟಿಯ ಒಂದು ಸೀಳಿನಿಂದ ಹೊರಮಗ್ಗುಲನ್ನು ಬಿಗಿಯುವ ಉಪಾಯವನ್ನು ಪ್ರಕಟಿಸಿದ್ದನು. ನಡುವೆ ಅದು ಮೂಲೆಗೆ ಬಿತ್ತು. ಈಚೆಗೆ ಮತ್ತೆ ಬೆಳಕಿಗೆ ಬಂದಿದೆ. 14ರಿಂದ 25 ವರುಷದೊಳಗಿನ 618 ಮಂದಿಯನ್ನು ಎರಡು ವರುಷ ನೋಡಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎ.ಸಿ.ಎಲ್. ಮಾತ್ರ ಹೂಡಿಸಿಕೊಂಡವರಲ್ಲಿ ನೂರಕ್ಕೆ 11 ಮಂದಿಗೆ ಹೊಸ ಹಗ್ಗವೂ ಹರಿದಿತ್ತು; ಹೊರಮಗ್ಗುಲಿನ ಬಿಗಿತವನ್ನೂ ಸೇರಿಸಿದವರಲ್ಲಿ ಅದು ನೂರಕ್ಕೆ 4 ಮಂದಿಗೆ ಇಳಿಯಿತು. ಹರೆಯದವರು, ತಿರುಗಾಟದ ಆಟವಾಡುವವರು, ತಿರುವಿನ ಸಡಿಲು ಹೆಚ್ಚಿರುವವರು, ಇಂಥವರಿಗೆ ವೈದ್ಯರು ಇದನ್ನು ಯೋಚಿಸುತ್ತಾರೆ. ನಮ್ಮ ಹುಡುಗನಿಗೆ ಮೂರು ಲಕ್ಷಣವೂ ಇದ್ದವು; ಎರಡು ಕೆಲಸವನ್ನೂ ಮಾಡಿದರು, ಸೀಳಿದ ಮೆತ್ತೆಯನ್ನೂ ಹೊಲಿದರು.

ಹಾಗೆಂದು ಕಟ್ಟು ಹರಿದವರೆಲ್ಲ ಕತ್ತಿಗೆ ಕಾಲೊಡ್ಡಬೇಕೆಂದು ನಾನು ಹೇಳುತ್ತಿದ್ದೇನೆಂದು ಭಾವಿಸಬಾರದು. ಮಸ್ಕಿಯಲ್ಲಿರುವ ನನ್ನ ಅತ್ತಿಗೆಯವರು ಬಚ್ಚಲ ಹಾಸುಗಲ್ಲಿನ ಮೇಲೆ ಕೊಡ ಹಿಡಿದು ತಿರುಗುವಾಗ ಜಾರಿ ಇದೇ ಕಟ್ಟನ್ನು ಹರಿದುಕೊಂಡರು. ಅವರಿಗೆ ಕಬಡ್ಡಿಯ ಹಂಬಲವಿಲ್ಲ, ಪೊಲೀಸು ಕೆಲಸವೂ ಬೇಡ. ವೈದ್ಯರು ಮೂರು ತಿಂಗಳು ಸಾಧನೆ ಮಾಡಿ ನೋಡೋಣವೆಂದರು. ಮೊಣಕಾಲಿನ ಕೆಳಗೆ ಬಟ್ಟೆಯ ಸುರುಳಿಯಿಟ್ಟು ಒತ್ತಿ ಹಿಡಿಯುವುದು, ಗೋಡೆಗೆ ಬೆನ್ನೊರಗಿಸಿ ಅರ್ಧ ಕೂಡುವುದು, ಒಂಟಿಗಾಲಿನ ಮೇಲೆ ನಿಲ್ಲುವುದು, ಹೀಗೆ ಹಂತಹಂತವಾಗಿ ಫಿಸಿಯೋಥೆರಪಿಸ್ಟ್ ಕಲಿಸಿದರು. ಹಗ್ಗದ ಕೆಲಸದ ಒಂದು ಪಾಲನ್ನು ತೊಡೆಯ ಸ್ನಾಯು ಕಲಿತುಕೊಳ್ಳಬಲ್ಲದು. ಅದರಲ್ಲಿಯೂ ಹಿಂದೊಡೆಯ ಸ್ನಾಯು ಕಣಕಾಲನ್ನು ಹಿಂದಕ್ಕೆ ಸೆಳೆದು ಹಿಡಿಯುತ್ತದೆ. “ದಿನಾ ಒಂಟಿಗಾಲಿನ ಮ್ಯಾಲ ತಪಸ್ಸು ಮಾಡೋದಾತು, ದೇವರು ಮಾತ್ರ ಇನ್ನಾ ಪ್ರತ್ಯಕ್ಷ ಆಗಿಲ್ಲ” ಎಂದು ಅತ್ತಿಗೆ ನಗುತ್ತಿದ್ದರು. ದೇವರು ಬರಲಿಲ್ಲ; ಮೊಣಕಾಲು ನಿಂತಿತು. ಇಂದು ಅವರು ಮನೆಗೆಲಸ, ಮಾರುಕಟ್ಟೆ, ಬೆಟ್ಟದ ಮೆಟ್ಟಿಲು ಎಲ್ಲವನ್ನೂ ಕತ್ತಿಯಿಲ್ಲದೆ ನಿಭಾಯಿಸುತ್ತಿದ್ದಾರೆ.

ಅತ್ತಿಗೆಯವರದು ಅಪರೂಪದ ಅದೃಷ್ಟವಲ್ಲ. 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ಹೊಸದಾಗಿ ಕಟ್ಟು ಹರಿದ 121 ಯುವಕ ಯುವತಿಯರಲ್ಲಿ ಕೆಲವರಿಗೆ ಬೇಗ ಶಸ್ತ್ರಚಿಕಿತ್ಸೆ ಮಾಡಿದರು. ಉಳಿದವರಿಗೆ ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಮೇಲೆ ಶಸ್ತ್ರ. ಎರಡು ವರುಷದ ಕೊನೆಗೆ ಎರಡು ಗುಂಪಿನ ಸ್ಥಿತಿಯೂ ಒಂದೇ. ಐದು ವರುಷ ಕಳೆದರೂ ಎರಡನೆಯ ಗುಂಪಿನಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಶಸ್ತ್ರ ಬೇಕಾಗಲಿಲ್ಲ. ಆದರೆ ಬ್ರಿಟನ್ನಿನಲ್ಲಿ 316 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವು, ಪೆಟ್ಟು ಹಳೆಯದಾಗಿ ಕಾಲು ಕೈಕೊಡುತ್ತಲೇ ಇರುವವರಿಗೆ ಶಸ್ತ್ರಚಿಕಿತ್ಸೆಯಿಂದಲೇ ಹೆಚ್ಚು ಗುಣವೆಂದು ಹೇಳಿತು. ಎರಡನ್ನೂ ಕೂಡಿಸಿ ಓದಿದರೆ ನ್ಯಾಯ ಸ್ಪಷ್ಟ. ಚಿತ್ರದಲ್ಲಿ ಹಗ್ಗ ಹರಿದಿದೆಯೇ ಎಂಬ ಒಂದೇ ಪ್ರಶ್ನೆ ಸಾಲದು. ಸಾಧನೆ ಮಾಡಿದ ಮೇಲೂ ಕಾಲು ತಿರುವಿನಲ್ಲಿ ಕೈಕೊಡುತ್ತಿದೆಯೇ, ಆ ಕಾಲಿನಿಂದ ಅದರ ಒಡೆಯನು ಏನನ್ನು ಮಾಡಬೇಕೆಂದಿದ್ದಾನೆ ಎಂಬುದನ್ನೂ ಕೇಳಬೇಕು.

ಶಸ್ತ್ರಚಿಕಿತ್ಸೆ ಮುಗಿಯಲು ಕೆಲವು ಗಂಟೆ ಸಾಕು; ಗುಣವಾಗಲು ಹೆಚ್ಚುಕಡಿಮೆ ವರುಷ ಬೇಕು. ಹೊಸ ಹಗ್ಗವನ್ನು ದೇಹವು ಮೊದಲು ಸಡಿಲಿಸಿ, ರಕ್ತನಾಳಗಳನ್ನು ಹಬ್ಬಿಸಿ, ಆಮೇಲೆ ತನ್ನದಾಗಿ ಮಾಡಿಕೊಳ್ಳುತ್ತದೆ. ಹೊರಗೆ ಕಾಲು ಚೆನ್ನಾಗಿ ಕಾಣುವ ತಿಂಗಳುಗಳಲ್ಲಿಯೂ ಒಳಗೆ ಹಗ್ಗ ಇನ್ನೂ ಎಳೆಯದು, ಮೋಸಹೋಗುವುದು ಇಲ್ಲಿಯೇ. 2016ರಲ್ಲಿ ನಾರ್ವೆ ಮತ್ತು ಅಮೆರಿಕದ ಸಂಶೋಧಕರು ಕಂಡುಕೊಂಡಂತೆ, ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಮುಂದೂಡಿದ ಪ್ರತಿಯೊಂದು ತಿಂಗಳಿಗೂ ಮತ್ತೆ ಪೆಟ್ಟಾಗುವ ಪ್ರಮಾಣ ನೂರಕ್ಕೆ 51ರಂತೆ ತಗ್ಗಿತು. ಹೆಸರಾಂತ ಕ್ರೀಡಾಪಟುಗಳೂ ಈ ಕಾಲಾವಧಿಗೆ ಹೊರತಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮೊಣಕಾಲಿಗೆ ಪೆಟ್ಟಾಗಿ ಸ್ಟ್ರೆಚರಿನಲ್ಲಿ ಹೊರಬಂದ ಕುಸ್ತಿಪಟು ವಿನೇಶ್ ಫೋಗಟ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. 2022ರ ಡಿಸೆಂಬರಿನ ಕಾರು ಅಪಘಾತದಲ್ಲಿ ಬಲ ಮೊಣಕಾಲಿನ ಕಟ್ಟುಗಳನ್ನು ಹರಿದುಕೊಂಡ ಕ್ರಿಕೆಟಿಗ ರಿಷಭ್ ಪಂತ್ ಮೈದಾನಕ್ಕೆ ಮರಳಿದುದು 2024ರ ಮಾರ್ಚಿಯಲ್ಲಿ.

ಹುಡುಗನ ಪರೀಕ್ಷೆ ಬಂದುದು ಆರನೆಯ ತಿಂಗಳಿನಲ್ಲಿ. ಪೊಲೀಸ್ ಭರ್ತಿಯ ಓಟ ಜಿಗಿತಗಳ ದಿನಾಂಕ ಪ್ರಕಟವಾಯಿತು. ಅವನು ಓಡುತ್ತಿದ್ದ, ನೋವಿರಲಿಲ್ಲ, ಕಾಲು ಜಾರುತ್ತಿರಲಿಲ್ಲ. ತಂದೆಯ ದೃಷ್ಟಿಯಲ್ಲಿ ಇಷ್ಟೆಲ್ಲ ಖರ್ಚು ಮಾಡಿದ್ದೇ ಈ ದಿನಕ್ಕಾಗಿ. ಫಿಸಿಯೋಥೆರಪಿಸ್ಟ್ ಅಳೆದು ನೋಡಿದಾಗ, ಶಸ್ತ್ರವಾದ ಕಾಲಿನ ಬಲ ಇನ್ನೊಂದರ ನೂರಕ್ಕೆ 70ರಷ್ಟಿತ್ತು. ಕಡಿಮೆಯೆಂದರೆ 90 ಬೇಕು, ಒಂಬತ್ತು ತಿಂಗಳಾದರೂ ಆಗಬೇಕು ಎಂದರು. ಹುಡುಗ ನನ್ನ ಬಳಿಗೆ ಬಂದು ಒಂದು ಗಂಟೆ ಕುಳಿತ. “ಹೋಗು ಅಂತೀರೋ, ಬ್ಯಾಡ ಅಂತೀರೋ ಸರ?” ಎಂದು ಕೇಳಿದ. ಅಳತೆಯ ಚೀಟಿಯನ್ನು ಅವನ ಮುಂದಿಟ್ಟು, ನಿರ್ಧಾರ ನಿನ್ನದೆಂದೆ. ಮರುದಿನ ಅವನು ಹೋಗಲಿಲ್ಲ. ತಂದೆ ಮೂರು ವಾರ ಮಗನೊಡನೆ ಮಾತಾಡಲಿಲ್ಲ. ಆ ಮೂರು ವಾರ ಅವನು ಒಂದು ದಿನವೂ ವ್ಯಾಯಾಮ ತಪ್ಪಿಸಲಿಲ್ಲ. ಆ ಹರೆಯದಲ್ಲಿ, ಆ ಬಡತನದಲ್ಲಿ, ಓಡಬಲ್ಲ ಕಾಲನ್ನು ಕಟ್ಟಿಹಾಕಿ ಕೂಡುವುದಕ್ಕೆ ಎಷ್ಟು ಎದೆಗಾರಿಕೆ ಬೇಕೆಂಬುದನ್ನು ನಾನು ಹತ್ತಿರದಿಂದ ಕಂಡೆ. ಹನ್ನೊಂದನೆಯ ತಿಂಗಳಿನಲ್ಲಿ ಎರಡು ಕಾಲಿನ ಬಲವೂ ಸಮಕ್ಕೆ ಬಂತು. ಮುಂದಿನ ಭರ್ತಿಗಾಗಿ ಅವನೀಗ ಸಿದ್ಧನಾಗುತ್ತಿದ್ದಾನೆ.

ಪಟ್ಟಣದ ಮನೆಗಳಲ್ಲಿಯೂ ಆಟಗಾರ ಮಕ್ಕಳಿದ್ದಾರೆ. ತಿರುಗಿ ಜಿಗಿಯುವ ಆಟಗಳಲ್ಲಿ ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು ಎಂಬುದನ್ನು ಖೋ ಖೋ ಆಡುವ ಮಗಳಿರುವ ತಾಯಿತಂದೆಯರು ತಿಳಿದಿರಬೇಕು. ತಿರುವಿನಲ್ಲಿ ‘ಟಪ್’ ಎಂದು ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಮೊಣಕಾಲು ಬಾತರೆ ಅದು ಒಳಗೆ ರಕ್ತ ಸುರಿದ ಗುರುತು. ಬರಿಯ ಉಳುಕೆಂದು ಬಿಡತಕ್ಕದ್ದಲ್ಲ. ಮೊದಲ ದಿನಗಳಲ್ಲಿ ತಿಕ್ಕುವುದು, ಕಾಯಿಸುವುದು ಬೇಡ. ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾದ ಕಟ್ಟು, ಕಾಲನ್ನು ಎತ್ತರಿಸಿಡುವುದು. ಬಾವು ಇಳಿದ ಮೇಲೆ ಎಲುಬು ಕೀಲು ತಜ್ಞರ ಕೈಯಿಂದ ಪರೀಕ್ಷೆ ಮಾಡಿಸಲೇಬೇಕು. ಎಲುಬು ಮುರಿಯದಿದ್ದರೆ ಕೀಲು ಸರಿಯಿದೆಯೆಂದಲ್ಲ. ನೋವು ಹೋದರೆ ಗುಣವಾಯಿತೆಂದೂ ಅಲ್ಲ.

ಈ ಮಾತನ್ನು ನನಗಿಂತ ಚೆನ್ನಾಗಿ ಹೇಳುವವರೊಬ್ಬರು ಈಗ ಆ ಹಳ್ಳಿಯಲ್ಲಿದ್ದಾರೆ. ಕಳೆದ ಸುಗ್ಗಿಯಲ್ಲಿ ನೆರೆಮನೆಯ ಹುಡುಗನೊಬ್ಬ ಆಟದಲ್ಲಿ ಬಿದ್ದು ಮೊಣಕಾಲು ಬಾತುಕೊಂಡು ಮಲಗಿದ್ದಾಗ, ನಮ್ಮ ಹುಡುಗನ ತಂದೆಯೇ ಎದ್ದು ಹೋಗಿ, “ಫೋಟೋದಾಗ ಎಲುಬು ನೆಟ್ಟಗದ ಅಂತ ಸುಮ್ಮನ ಕೂಡಬ್ಯಾಡ್ರಿ. ಹಗ್ಗ ಫೋಟೋದಾಗ ಕಾಣಂಗಿಲ್ಲ” ಎಂದು ಆ ಮನೆಯವರನ್ನು ಎಬ್ಬಿಸಿ, ನಾಲ್ಕನೆಯ ದಿನವೇ ರಾಯಚೂರಿನ ಬಸ್ಸು ಹತ್ತಿಸಿದರಂತೆ. ತಮ್ಮ ಮಗನಿಗೆ ನಾಲ್ಕು ತಿಂಗಳು ಹಿಡಿದಿತ್ತು.